ಮೇಷ್ಟ್ರು ಹೇಳಿಕೊಡದ ತುಣುಕು

ಮದ್ದೂರಿನ ಮೈಕ್‌ಸೆಟ್ ಅಂಗಡಿಯ ಬೋರಯ್ಯ ಬೆಂಗಳೂರಿನಿಂದ ಹೊಸ ರೆಕಾರ್ಡು ತಂದಿದ್ದೇನೋ ತಂದ, ಮದುವೆ ಬ್ಯಾಂಡಿನ ನಿಂಗಯ್ಯನ ನೆಮ್ಮದಿ ಹಾಳಾಯಿತು. ಅದು ಪೂರ್ತಿ ಹೊಸದೂ ಅಲ್ಲ. ಅಮೆರಿಕದ ಯಾರೋ ಸ್ಯಾಕ್ಸೊಫೋನಿನವನ ಹಳೇ ಸ್ವಿಂಗ್ ಕುಣಿತದ ರೆಕಾರ್ಡು. ಕಂಪನಿಯವರು ಅದರ ಕರಕರ ಸದ್ದನ್ನೆಲ್ಲ ಸೋಸಿ, ಸ್ಟೀರಿಯೋ ಮಾಡಿ, ಎಪ್ಪತ್ತಾರರಲ್ಲಿ ಮತ್ತೆ ಹೊರಡಿಸಿದ್ದರು.

"ನಿನ್ ಬ್ಯಾಂಡಿನ್ ಟ್ಯೂನು ಇದೇ ಅಲ್ವೇನ್ಲಾ? ಕೇಳಿಲ್ಲಿ," ಎಂದು ಬೋರಯ್ಯ ತಟ್ಟೆಯ ಮೇಲೆ ಮುಳ್ಳು ಇಟ್ಟ.

ಆ ಟ್ಯೂನನ್ನು ನಿಂಗಯ್ಯ ಹದಿನೆಂಟು ವರ್ಷದಿಂದ ಕೊಪ್ಪ, ಹಲಗೂರು, ಮಳವಳ್ಳಿಯ ಮದುವೆ ಮೆರವಣಿಗೆಗಳಲ್ಲಿ ಊದಿದವನು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದ. ಟ್ಯೂನಿನ ಎರಡನೇ ಸುತ್ತಿನಲ್ಲಿ ಬೆರಳು ನಿಂತೇಬಿಟ್ಟವು. ಅಲ್ಲಿ ಅವನು ಎಂದೂ ಕೇಳದ ತುಣುಕೊಂದಿತ್ತು. ಸರ್ರನೆ ಮೇಲಕ್ಕೆ ಹತ್ತಿ, ಒಂದು ಗಳಿಗೆ ತಡೆದು, ನಗುನಗುತ್ತ ಇಳಿಯುವಂಥದ್ದು. ಇಡೀ ಟ್ಯೂನಿಗೆ ಜೀವವೇ ಅದು.

"ಇನ್ನೊಂದ್ಸಲ ಆಕ್ಲಾ," ಎಂದ. ನಾಲ್ಕು ಸಲ ಹಾಕಿಸಿಕೊಂಡ.

"ನಿಮ್ಮೇಷ್ಟ್ರು ಇದ ಯೋಳ್ಕೊಡ್ನಿಲ್ವಾ?" ಬೋರಯ್ಯ ಸುಮ್ಮನಿದ್ದಾನೆಯೇ. "ಒಳ್ಳೇದ್ನ ಒಳಗ್ ಮಡೀಕಂಡವ್ರೆ ಕಣ್ಲಾ. ಅಯ್ಯಂಗಾರ್ರು ಒಕ್ಲುಮಕ್ಳಿಗೆ ಪೂರ್ತಿ ಕಲಿಸ್ಬುಟ್ಟಾರಾ?"

ಮೇಷ್ಟ್ರೆಂದರೆ ಮಂಡ್ಯದ ತಿರುನಾರಾಯಣ, ಒಂದು ಕಾಲಕ್ಕೆ ಅರಮನೆಯ ಬ್ಯಾಂಡಿನಲ್ಲಿದ್ದವರು. ಇದೇ ರೆಕಾರ್ಡಿನ ಹಳೇ ಪ್ರತಿ ಇಟ್ಟುಕೊಂಡು ಕಲಿಸಿದ್ದವರು, ತಮ್ಮ ಸ್ಯಾಕ್ಸೊಫೋನನ್ನೇ ಇವನ ಕೈಗಿತ್ತವರು. ಬೋರಯ್ಯ ತಲೆಗೆ ಹುಳ ಬಿಟ್ಟ ಮೇಲೆ ನಿಂಗಯ್ಯನಿಗೆ ಒಂದೊಂದೇ ನೆನಪಾಗತೊಡಗಿತು. ಕಲಿಯಲು ಹೋದಾಗ ಒಳಗಿನಿಂದ ಇಂಥದ್ದೇ ಏನೋ ಕೇಳಿಸುತ್ತಿತ್ತು. ಗೇಟು ಕಿರ್ರೆಂದೊಡನೆ ಥಟ್ಟನೆ ನಿಲ್ಲುತ್ತಿತ್ತು. ಅಯ್ಯೋ, ಎಂಥ ಬೆಪ್ಪ ನಾನು, ದೇವರೆಂದು ಕಾಲಿಗೆ ಬಿದ್ದೆನಲ್ಲ! ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೇ ದಿನ ಸ್ಯಾಕ್ಸೊಫೋನನ್ನು ಪೆಟ್ಟಿಗೆಗೆ ಹಾಕಿಕೊಂಡು ಮಂಡ್ಯದ ಬಸ್ಸು ಹತ್ತಿದ.

ಮೇಷ್ಟ್ರ ಹೆಂಡತಿ ವೇದವತಮ್ಮ ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಮೇಷ್ಟ್ರ ಮುಂದೆ ಇಟ್ಟ.

"ತಕಳಿ ಮೇಷ್ಟ್ರೇ, ನಿಮ್ದು ನಿಮ್ಗೇ ಇರ್ಲಿ. ಎರಡ್ನೇ ಸುತ್ತಲ್ಲಿ ಒಂದ್ ತುಣುಕ್ನ ನಂಗೆ ಯೋಳ್ಕೊಡ್ನಿಲ್ಲ ನೀವು."

ಮೇಷ್ಟ್ರ ಮುಖ ಇಳಿಯಿತು. "ಎಲ್ಲಿ ಕೇಳಿದೆ?"

"ಸದ್ ಸೋಸಿರೋ ಹೊಸ ರೆಕಾರ್ಡ್ ಬಂದದೆ. ಅಂಗಾರೆ ನಿಮ್ಗೆ ಗೊತ್ತಿತ್ತು."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡ ನಿಂಗಯ್ಯ. ಆದರೆ ಖುಷಿಯಾಗಲಿಲ್ಲ, ಎದೆ ಉರಿಯಿತು.

ವೇದವತಮ್ಮ ಬೀರುವಿನಿಂದ ಹಳೇ ರೆಕಾರ್ಡನ್ನು ತೆಗೆದುಕೊಂಡು ಬಂದರು.

"ಬೇಡ ವೇದಾ," ಎಂದರು ಮೇಷ್ಟ್ರು.

"ಸಾಕು ಸುಮ್ಮನಿರಿ," ಎಂದು ಅದನ್ನು ನಿಂಗಯ್ಯನ ಕೈಗೆ ಕೊಟ್ಟರು. ಅವನು ಕಿಟಕಿಯ ಬೆಳಕಿಗೆ ಹಿಡಿದ. ಕಪ್ಪು ತಟ್ಟೆಯ ಗೆರೆಗಳ ನಡುವೆ ಹೆಬ್ಬೆರಳಗಲ ಕೆರೆದ ಗುರುತಿತ್ತು, ಅಲ್ಲಿ ಮಾಸಿದ ಕೆಂಪು ಉಳಿದಿತ್ತು.

ನಿಂಗಯ್ಯನಿಗೆ ನೆನಪಾಯಿತು. ಮೊದಲ ವರ್ಷದ ಆಯುಧಪೂಜೆ. ಕಲಿಯಲು ಸೇರಿ ತಿಂಗಳೂ ಆಗಿರಲಿಲ್ಲ, ಎರಡನೇ ಸುತ್ತನ್ನು ಇನ್ನೂ ಕೇಳಿಯೂ ಇರಲಿಲ್ಲ. ಮೇಷ್ಟ್ರು ಮನೆಯಲ್ಲಿಲ್ಲದಾಗ ಗಂಧ ತೇಯ್ದು, ಕುಂಕುಮ ಕಲಸಿ, ಸ್ಯಾಕ್ಸೊಫೋನಿಗೆ ಇಟ್ಟು, ಪೆಟ್ಟಿಗೆಗೆ ಇಟ್ಟು, ವಿದ್ಯೆ ಕೊಡುವುದು ಇದೂ ಅಲ್ಲವೇ ಎಂದು ರೆಕಾರ್ಡಿಗೂ ದಪ್ಪಗೆ ಒಂದು ಬೊಟ್ಟು ಇಟ್ಟಿದ್ದ.

"ಒಣಗಿ ಕಲ್ಲಾಗಿತ್ತು, ಕೆರೆದೆ," ಎಂದರು ಮೇಷ್ಟ್ರು. "ಆಮೇಲೆ ಮುಳ್ಳು ಅಲ್ಲಿಗೆ ಬಂದರೆ ಹಾರಿಬಿಡ್ತಿತ್ತು. ಆ ತುಣುಕು ಹೇಳಿಕೊಟ್ಟಿದ್ದರೆ, ರೆಕಾರ್ಡಿನಲ್ಲಿ ಯಾಕಿಲ್ಲ ಅಂತ ನೀನು ಕೇಳ್ತಿದ್ದೆ. ನಿಜ ಹೇಳಿದ್ದರೆ ನೊಂದುಕೊಂಡು ಮಾರನೇ ದಿನ ನೀನು ಬರ್ತಿರಲಿಲ್ಲ ಕಣಯ್ಯ."

"ನೀನು ಬರೋ ಸದ್ದಾದರೆ ಆ ತುಣುಕನ್ನ ನಿಲ್ಲಿಸ್ತಿದ್ರು," ಎಂದರು ವೇದವತಮ್ಮ. "ಬರ್ತಾ ಬರ್ತಾ ಅದನ್ನ ನುಡಿಸೋದನ್ನೇ ಬಿಟ್ರು."

ಮೇಷ್ಟ್ರು ಪೆಟ್ಟಿಗೆ ತೆರೆದು ಸ್ಯಾಕ್ಸೊಫೋನನ್ನು ಅವನ ಕಡೆಗೆ ಚಾಚಿದರು. "ನನಗೆ ಮರೆತೇಹೋಗಿದೆ. ನೀನು ಈಗ ಕೇಳಿ ಬಂದಿದ್ದೀಯಲ್ಲ, ಹೇಳಿಕೊಡು."

ನಿಂಗಯ್ಯ ಬಾಯಿಗಿಟ್ಟ. ಸ್ವರದ ಬದಲು ಅಳುವೇ ಹೊರಟಿತು.

"ಅತ್ತು ಮುಗಿಸಿಕೊಂಡೇ ಊದು," ಎಂದರು ಮೇಷ್ಟ್ರು. "ನನಗೇನೂ ಅವಸರವಿಲ್ಲ."