ಅತ್ತಿಗೆಯ ನಾಯಿ ಅಲರ್ಜಿ

ನನ್ನ ಗಂಡನ ಅಕ್ಕ ತಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದ ವಾಸನೆ ತಮಗೆ ಆಗುವುದಿಲ್ಲವೆಂದು ಎರಡು ಪೆಟ್ಟಿಗೆ, ಒಂದು ದಿಂಬು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಬಂದವರು ಸೋಫಾದ ಮೇಲೆ ಕೂತು, ಮನೆ ಅದುರುವಂತೆ ಸೀನಿ, ಮೂಗು ಒರೆಸಿಕೊಳ್ಳುವ ಮೊದಲೇ ನಾಯಿಯ ಕಡೆಗೆ ಬೆರಳು ತೋರಿಸಿದರು.

"ಇದರದ್ದೇ ಕೆಲಸ. ನನಗೆ ನಾಯಿ ಅಲರ್ಜಿ."

ನಾಯಿ ಆಗ ನನ್ನ ಮಗಳ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಬಾಲದಿಂದ ನೆಲವನ್ನೆಲ್ಲ ಗುಡಿಸುತ್ತದೆಂದು ಅದಕ್ಕೆ ಪೊರಕೆ ಎಂದು ಹೆಸರಿಟ್ಟವಳು ಅವಳೇ. ತನ್ನ ವಿಷಯ ಬಂತೆಂದು ಗೊತ್ತಾಗಿ ಅದು ಇನ್ನೊಂದು ಸಲ ಗುಡಿಸಿತು. ಅತ್ತಿಗೆ ಇನ್ನೊಂದು ಸಲ ಸೀನಿದರು.

ರಾತ್ರಿ ಊಟಕ್ಕೆ ಕೂತಾಗ ತೀರ್ಪು ಹೊರಬಿತ್ತು. "ನಾನಿರಬೇಕು, ಇಲ್ಲ ಅದಿರಬೇಕು. ನಿನಗೆ ಯಾರು ಬೇಕೋ ನೋಡಿಕೋ."

ನನ್ನ ಗಂಡನನ್ನು ಸಾಕಿ ಬೆಳೆಸಿದವರು ಅವರೇ. ಅಕ್ಕ ಕೂರು ಎಂದರೆ ಕೂರುವ, ಏಳು ಎಂದರೆ ಏಳುವ ಅಭ್ಯಾಸ ಈ ತಮ್ಮನಿಗಿದೆ. ಮಗಳು ತಿಂಗಳುಗಟ್ಟಲೆ ಬಿಸ್ಕತ್ತು ಹಾಕಿದರೂ ಪೊರಕೆಗೆ ಹತ್ತದ ವಿದ್ಯೆ ಅದು. ಊರಾಚೆ ಅವರ ಗೆಳೆಯನದೊಂದು ಮರದ ಡಿಪೋ ಇತ್ತು. ಅಲ್ಲಿ ಕಾವಲಿಗೆ ನಾಯಿ ಬೇಕಂತೆ ಎಂದು ತಟ್ಟೆ ನೋಡುತ್ತಾ ಹೇಳಿದರು.

"ಅಪ್ಪಾ, ಅಲ್ಲಿ ಕಟ್ಟಿ ಹಾಕ್ತಾರೆ!" ಎಂದಳು ಮಗಳು. ತುತ್ತು ಕೈಯಲ್ಲೇ ಉಳಿಯಿತು.

ಅವಳ ಮುಖ ನೋಡಿ ನನ್ನ ಗಂಡನಿಗೂ ಕರುಳು ಚುರುಕ್ ಎಂದಿರಬೇಕು. "ಸುಮ್ಮಸುಮ್ಮನೆ ಕಳಿಸಲ್ಲ ಮಗಾ. ಪರೀಕ್ಷೆ ಮಾಡಿಸೋಣ. ಈಗ ಮನೇಲೇ ಮಾಡ್ಕೋಬಹುದು. ನಾಯಿಯಿಂದ ಅಂತ ವರದಿ ಬಂದ್ರೆ ಮಾತ್ರ ಡಿಪೋಗೆ" ಎಂದರು. ಊಟ ಮುಗಿಯುವ ಮೊದಲೇ, ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಫೋನು ಒತ್ತಿ ಪರೀಕ್ಷೆಯ ಪೆಟ್ಟಿಗೆ ಕಳಿಸಲು ಹೇಳಿಯೂಬಿಟ್ಟರು.

ಪೆಟ್ಟಿಗೆ ಬಂತು. ಅದರ ಮೇಲೆ ದಪ್ಪಕ್ಷರದಲ್ಲಿ 'ನಾಯಿ ಅಲರ್ಜಿ ಪರೀಕ್ಷೆ' ಎಂದಿತ್ತು. ಕೆಳಗೆ ಒಬ್ಬ ಹೆಂಗಸು ನಾಯಿಯೊಂದನ್ನು ತಬ್ಬಿಕೊಂಡು ನಗುತ್ತಿದ್ದಳು.

"ನೋಡಕ್ಕ, ಈಯಮ್ಮನಿಗೂ ನಿನ್ನ ಹಾಗೇ. ಪರೀಕ್ಷೆ ಮಾಡಿಸಿ ವಾಸಿಯಾಗಿದೆ" ಎಂದರು ನನ್ನ ಗಂಡ.

ಒಳಗೊಂದು ಹತ್ತಿಯ ಕಡ್ಡಿ, ಎರಡು ಪ್ಲಾಸ್ಟಿಕ್ ಚೀಲ, ಮಡಿಸಿದ ಕಾಗದ ಇದ್ದವು. ಕಾಗದದಲ್ಲಿ ಎಲ್ಲಿಯೂ ನಾಯಿ ಎಂಬ ಮಾತಿರಲಿಲ್ಲ. ಈ ಕಂಪನಿಯವರಿಗೆ ನಾಯಿಯನ್ನು ನಾಯಿ ಎನ್ನಲು ಬಾಯಿ ಬರುವುದಿಲ್ಲ. ಮೊದಲಿನಿಂದ ಕೊನೆಯವರೆಗೂ 'ನಿಮ್ಮ ಮುದ್ದಿನ ಸದಸ್ಯರು' ಎಂದೇ ಬರೆದಿದ್ದರು. ಮುದ್ದಿನ ಸದಸ್ಯರ ಕೆನ್ನೆಯೊಳಗೆ ಕಡ್ಡಿ ಸವರಬೇಕು. ಮುದ್ದಿನ ಸದಸ್ಯರ ಕೂದಲನ್ನು ಬುಡಸಮೇತ ಕೀಳಬೇಕು. ಅದಕ್ಕೆ ಮೊದಲು ಅವರಿಗೆ ಎಲುಬು ಕಡಿಯಲು ಕೊಡಬಾರದು.

"ನಾನೇನು ಎಲುಬು ಕಡೀತೀನೇನೋ?"

"ಎಲ್ಲರಿಗೂ ಸೇರಿಸಿ ಬರೆದಿರ್ತಾರಕ್ಕ. ಬಾಯಿ ತೆಗಿ."

ಕೂದಲು ಕಿತ್ತಾಗ ಅತ್ತಿಗೆ ಹಾಕಿದ ಕೂಗಿಗೆ ಪೊರಕೆ ಹೆದರಿ ಮಂಚದ ಕೆಳಗೆ ತೂರಿತು. ಆಮೇಲೆ ವಿವರ ತುಂಬುವ ಕೆಲಸ ಶುರುವಾಯಿತು. ವಯಸ್ಸು ಅರವತ್ತೊಂದು. ತೂಕವನ್ನು ಅತ್ತಿಗೆ ತಮ್ಮನ ಕಿವಿಯಲ್ಲಿ ಹೇಳಿದರು. ತಳಿ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಒಳ್ಳೇ ಮನೆತನ ಅಂತ ಬರಿ" ಎಂದರು ಅತ್ತಿಗೆ.

ಮಡಿಸುತ್ತಿದ್ದ ಬಟ್ಟೆ ಬಿಟ್ಟು ನಾನು ಹತ್ತಿರ ಹೋದೆ. "ರೀ, ತಳಿ ಯಾವುದು ಅಂತ ಮನುಷ್ಯರನ್ನ ಯಾರಾದ್ರೂ ಕೇಳ್ತಾರಾ? ಇದು ನಾಯಿಗೇ ಮಾಡೋ ಪರೀಕ್ಷೆ ಇರಬೇಕು. ನಾಯಿಗೆ ಏನು ಆಗಲ್ಲ ಅಂತ ನೋಡೋದು."

ನನ್ನ ಗಂಡ ಕನ್ನಡಕ ಮೇಲೇರಿಸಿಕೊಂಡರು. ಅವರದು ಕನ್ನಡಕದ ಅಂಗಡಿ. ಊರಿಗೆಲ್ಲ ಸಣ್ಣಕ್ಷರ ಓದುವ ಭಾಗ್ಯ ಮಾರುವವರು. "ಧೂಳಿನ ಅಲರ್ಜಿ ಅಂದ್ರೇನು? ಧೂಳಿಗೆ ಕೆರೆತ ಬರೋದಾ?"

"ಅಲ್ಲ."

"ಹಾಗಾದ್ರೆ ನಾಯಿ ಅಲರ್ಜಿ ಅಂದ್ರೆ?"

ವ್ಯಾಕರಣ ಅವರ ಪಕ್ಷದಲ್ಲಿತ್ತು. ನಾನು ಬಟ್ಟೆಯ ರಾಶಿಗೆ ಹಿಂದಿರುಗಿದೆ. 'ಮುದ್ದಿನ ಸದಸ್ಯರಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆಯೇ' ಎಂಬ ಪ್ರಶ್ನೆಯನ್ನು ತಮ್ಮನಾದವನು ಅಕ್ಕನಿಗೆ ಹೇಗೆ ಕೇಳಿ ಬರೆದುಕೊಂಡಾನು ಎಂದು ಕಾದೆ. ಅವರು ಕೆಮ್ಮಿ, ಅದನ್ನು ಹಾಗೆಯೇ ಖಾಲಿ ಬಿಟ್ಟು, ಲಕೋಟೆ ಅಂಟಿಸಿದರು.

ವರದಿ ಬರುವವರೆಗೆ ಮಗಳು ಸರಿಯಾಗಿ ಉಣ್ಣಲಿಲ್ಲ. ಶಾಲೆಯಿಂದ ಬಂದವಳೇ ಚೀಲ ಎಸೆದು ಪೊರಕೆ ಇದೆಯೋ ಇಲ್ಲವೋ ನೋಡುತ್ತಿದ್ದಳು. ನಾನು ಪಾತ್ರೆ ತೊಳೆಯುವಾಗ ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು.

"ಅಮ್ಮಾ, ಏನಂತ ಬರುತ್ತೆ?"

"ಏನು ಬಂದ್ರೂ ನಾನಿದ್ದೀನಲ್ಲ" ಎನ್ನುತ್ತಿದ್ದೆ. ಇದ್ದು ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಒಂದು ಸಂಜೆ ವರದಿ ಫೋನಿಗೆ ಬಂತು. ನನ್ನ ಗಂಡ ಎದ್ದು ನಿಂತು ಓದಿದರು. ಅತ್ತಿಗೆಗೆ ಕೋಳಿ ಆಗುವುದಿಲ್ಲ. ಗೋಧಿ ಆಗುವುದಿಲ್ಲ. ಹುಲ್ಲು, ಉಣ್ಣೆ, ಬೆಕ್ಕಿನ ಕೂದಲು, ಬಾತಿನ ಪುಕ್ಕ, ಯಾವುದೂ ಆಗುವುದಿಲ್ಲ. ದುಡ್ಡು ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಧಾರಾಳತನ ಪುಟಪುಟಕ್ಕೂ ಕಾಣುತ್ತಿತ್ತು. ಎಲ್ಲದರ ಕೊನೆಗೆ ಕೆಂಪಕ್ಷರದಲ್ಲಿ, 'ಮನುಷ್ಯರ ಚರ್ಮದ ಹೊಟ್ಟು: ಅತಿ ತೀವ್ರ.'

"ಅಂದ್ರೆ?" ಎಂದರು ಅತ್ತಿಗೆ.

"ಅಂದ್ರೆ ನಿನಗೆ ಮನುಷ್ಯರು ಆಗಲ್ಲ ಅಕ್ಕ."

ಅತ್ತಿಗೆಯ ಮುಖ ಅರಳಿತು. "ನಾನು ಮೊದಲಿಂದ ಬಡ್ಕೋತಿರಲಿಲ್ವಾ? ಜನ ನನಗೆ ಆಗಿಬರಲ್ಲ ಅಂತ. ನೋಡು, ಈಗ ವಿಜ್ಞಾನವೇ ಹೇಳ್ತು!"

"ನಾಯಿ?" ಎಂದಳು ಮಗಳು.

ಹುಡುಕಿದರು. ಇರಲಿಲ್ಲ. ನಾಯಿಗೆ ನಾಯಿ ಆಗುತ್ತದೋ ಇಲ್ಲವೋ ಎಂದು ಯಾವ ಕಂಪನಿ ತಾನೇ ನೋಡೀತು? ಮಗಳು ಪೊರಕೆಯ ಕುತ್ತಿಗೆ ತಬ್ಬಿಕೊಂಡು ನೆಲದ ಮೇಲೆ ಉರುಳಿದಳು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ತಪ್ಪು ಪರೀಕ್ಷೆಯಾದರೇನು, ಮಗು ಹೊಟ್ಟೆತುಂಬ ಉಂಡಿತು.

ಮರುದಿನದಿಂದ ಅತ್ತಿಗೆ ವರದಿಯಲ್ಲಿದ್ದ ಸಲಹೆಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಸೋಫಾ ಹತ್ತಲಿಲ್ಲ. ಹೊರಗೆ ತಿರುಗಾಡಿ ಬಂದಾಗ ತಮ್ಮನ ಕೈಯಲ್ಲಿ ಅಂಗಾಲು ಒರೆಸಿಕೊಂಡರು. ಮನುಷ್ಯರಾದ ನಮ್ಮನ್ನೆಲ್ಲ ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸಿದರು. ಕೋಣೆಯೊಳಗೆ ಪ್ರವೇಶವಿದ್ದದ್ದು ವರದಿಯಲ್ಲಿ ಹೆಸರಿಲ್ಲದ ಒಬ್ಬರಿಗೆ ಮಾತ್ರ. ಪೊರಕೆ ಅವರ ದಿಂಬಿನ ಮೇಲೆ ಮಲಗತೊಡಗಿತು.

ಬಣ್ಣದ ಕೆಲಸ ಮುಗಿಯಿತೆಂದು ಫೋನು ಬಂದ ಬೆಳಿಗ್ಗೆ ಅತ್ತಿಗೆ ಪೆಟ್ಟಿಗೆ ಕಟ್ಟಿದರು. ಕೈಯಲ್ಲಿ ಪೊರಕೆಯ ಹಗ್ಗವಿತ್ತು.

"ಇದನ್ನ ನಾನು ಕರ್ಕೊಂಡು ಹೋಗ್ತೀನಿ. ನನಗೆ ಆಗೋದು ಇದೊಂದೇ ಅಂತ ವರದಿಯಲ್ಲೇ ಇದೆ."

ನನ್ನ ಗಂಡ ಕೆರ ಹುಡುಕುವ ನೆಪದಲ್ಲಿ ಬಗ್ಗಿದವರು ಮೇಲೇಳಲೇ ಇಲ್ಲ. ಮಗಳು ಅಳಲಿಲ್ಲ. ಹಗ್ಗದ ಇನ್ನೊಂದು ಕಡೆ ಹಿಡಿದು ನನ್ನನ್ನು ನೋಡಿದಳು. "ಅಮ್ಮಾ, ನಾನಿದ್ದೀನಿ ಅಂತ ನೀನೇ ಅಂದಿದ್ದೆ."

ನಿಜ ಹೇಳಿದರೆ ನಾಯಿ ಮತ್ತೆ ಡಿಪೋಗೆ ಹೋದೀತು. ಹೇಳದಿದ್ದರೆ ಈಗಲೇ ಅತ್ತಿಗೆಯ ಹಿಂದೆ ಹೊರಟಿದೆ. ಡಿಪೋದ ಮಾತನ್ನು ಆಮೇಲೆ ನೋಡಿಕೊಳ್ಳೋಣವೆಂದು ಸೆರಗಿಗೆ ಕೈ ಒರೆಸಿ, ಪರೀಕ್ಷೆಯ ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

ಹುಡುಗಿಯೊಬ್ಬಳು ಜೇನಿನಂಥ ದನಿಯಲ್ಲಿ ವರದಿಯ ನಂಬರು ಕೇಳಿದಳು. ಹೇಳಿದೆ.

"ಓ, ಸಿಕ್ಕಿತು ಮೇಡಂ. ನಿಮ್ಮ ಮುದ್ದಿನ ಸದಸ್ಯರು ಈಗ ಹೇಗಿದ್ದಾರೆ? ಖುಷಿಯಾಗಿ ಬಾಲ ಆಡಿಸ್ತಿದ್ದಾರಾ?"

ಅತ್ತಿಗೆ ಹಗ್ಗ ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

"ಅರವತ್ತೊಂದು ವರ್ಷ ಅಂತ ಇದೆ ಮೇಡಂ. ಅಬ್ಬಾ, ತುಂಬಾ ಚೆನ್ನಾಗಿ ನೋಡ್ಕೊಂಡಿದ್ದೀರಿ! ತಳಿಯೂ ಒಳ್ಳೇದೇ ಅಂತ ಬರೆದಿದೆ. ತೂಕ ಮಾತ್ರ ಸ್ವಲ್ಪ ಇಳಿಸಬೇಕು. ಈ ವಯಸ್ಸಿನವರಿಗೆ ನಮ್ಮಲ್ಲಿ ಹಲ್ಲಿನ ಕಿಟ್ ಕೂಡ ಇದೆ, ಕಳಿಸ್ಲಾ?"

"ಅಮ್ಮಾ ತಾಯಿ, ಈ ಪರೀಕ್ಷೆ ಮನುಷ್ಯರಿಗೂ ನಡೆಯುತ್ತಾ?" ಎಂದೆ.

ಹುಡುಗಿ ನಕ್ಕಳು. "ಇಲ್ಲ ಮೇಡಂ, ನಾಯಿಗಳಿಗೆ ಮಾತ್ರ." ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಫೋನು ಇಟ್ಟೆ. ನನ್ನ ಗಂಡ ಕೆರದ ಗೂಡಿನಿಂದ ತಲೆಯೆತ್ತಿದರು. "ಬೇಜಾರ್ ಮಾಡ್ಕೋಬೇಡಕ್ಕ. ಮನುಷ್ಯರದ್ದೂ ಸಿಗುತ್ತಂತೆ. ತರಿಸ್ತೀನಿ. ಅದರಲ್ಲಿ ನಾಯಿ ಅಂತ ಬಂದ್ರೆ ಡಿಪೋಗೇ..."

"ಮುಚ್ಚೋ ಬಾಯಿ!" ಎಂದರು ಅತ್ತಿಗೆ. "ಇನ್ನೊಂದು ಸಲ ಅಲರ್ಜಿ ಅಂದ್ರೆ ನೋಡು." ಆಮೇಲೆ ನಮ್ಮ ಕಡೆ ತಿರುಗಿ ದನಿ ಇಳಿಸಿದರು. "ಈ ವಿಷಯ ಹೊರಗೆ ಯಾರ ಕಿವಿಗೂ ಬೀಳಕೂಡದು. ಬಣ್ಣ ನೋಡೋಕೆ ಅಂತ ಎಲ್ಲ ನೆಂಟರೂ ಬರ್ತಿದ್ದಾರೆ."

"ಪೊರಕೆ ಇಲ್ಲೇ ಇದ್ರೆ ಹೇಳಲ್ಲ ಅತ್ತೆ" ಎಂದಳು ಮಗಳು.

"ಏನಂದೆ?"

"ಡಿಪೋಗೂ ಹೋಗಲ್ಲ, ನಿಮ್ಮ ಮನೆಗೂ ಬರಲ್ಲ. ಇಲ್ಲೇ. ಇದ್ರೆ ಹೇಳಲ್ಲ. ಇಲ್ದಿದ್ರೆ ಹಲ್ಲಿನ ಕಿಟ್ ವಿಷಯಾನೂ ಹೇಳ್ತೀನಿ."

ಅತ್ತಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಮಗಳ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತೆ.

"ಇಷ್ಟೊಂದು ಬಜಾರಿತನ ಯಾರಿಂದ ಬಂತೇ ನಿನಗೆ?"

"ನಿಮ್ಮಿಂದ್ಲೇ ಅಂತೆ. ಅಪ್ಪ ಯಾವಾಗ್ಲೂ ಹೇಳ್ತಿರ್ತಾರೆ."

ನನ್ನ ಗಂಡ ಮತ್ತೆ ಗೂಡಿನೊಳಗೆ ತಲೆ ತೂರಿಸಿದರು. ಅತ್ತಿಗೆ ನಗು ತಡೆಯಲು ತುಟಿ ಕಚ್ಚಿಕೊಂಡು, ಹಗ್ಗವನ್ನು ಅವಳ ಕೈಗೆ ತುರುಕಿ, "ಹಿಡ್ಕೋ ನಿನ್ನ ಪೊರಕೇನ" ಎಂದು ಪೆಟ್ಟಿಗೆ ಎತ್ತಿಕೊಂಡರು.