ಸರದಾರನಿಗೆ ಶುದ್ಧ ಅಂಟು

ಗಬ್ಬೂರಿನ ಪ್ರಭುರಾಜನ ಟಗರು ಸತ್ತದ್ದು ಕಾಳಗದ ಕಣದಲ್ಲಲ್ಲ, ಬಾದಾಮಿ ತಿಂದು. ಮಾನ್ವಿಯ ಕಣದಲ್ಲಿ ಮೂರು ವರ್ಷ ಒಂದೇ ಸಮನೆ ಗೆದ್ದ ಆ 'ಸರದಾರ'ನಿಗೆ ನಾಲ್ಕನೆಯ ಸಲದ ತಯಾರಿಯೆಂದು ಹದಿನೈದು ದಿನ ಬಾದಾಮಿ, ತುಪ್ಪ, ನಾಟಿಕೋಳಿಯ ಮೊಟ್ಟೆ ತಿನ್ನಿಸಿದರು. ಊರಿನ ಬಾಣಂತಿಯರಿಗೂ ಸಿಗದ ಆರೈಕೆ ಅದಕ್ಕೆ ಸಿಕ್ಕಿತು. ಕಾಳಗಕ್ಕೆ ಒಂದು ದಿನ ಉಳಿದಿರುವಾಗ ಹೊಟ್ಟೆ ಉಬ್ಬಿ ಕಾಲು ಚಾಚಿತು. ಪ್ರಭುರಾಜ ಸುತ್ತಲಿನ ಹತ್ತು ಹಳ್ಳಿಗೆ ಮುಖಂಡ. ತಂದೆ ತೀರಿಕೊಂಡಾಗಲೂ ಅವನು ಅಷ್ಟು ಅತ್ತಿರಲಿಲ್ಲವೆಂದು ನೋಡಿದವರು ಹೇಳುತ್ತಾರೆ. ತಂದೆಗೆ ಗೋಡೆಯ ಮೇಲೊಂದು ಫೋಟೋ ಸಾಕಾಗಿತ್ತು. ಟಗರಿಗೆ ಸಾಲದು, ಅದು ಪಡಸಾಲೆಯಲ್ಲಿ ನಾಲ್ಕು ಕಾಲ ಮೇಲೆ ನಿಲ್ಲಬೇಕು, ಬಂದವರು ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂದು ಹಟ ಹಿಡಿದ. ಅದಕ್ಕೆಂದೇ ರಾಯಚೂರಿಗೆ ಜೀಪು ಕಳಿಸಿ ಉರುಕುಂದಪ್ಪನನ್ನು ಕರೆಸಿದ.

ಉರುಕುಂದಪ್ಪ ರಾಯಚೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದು ನಿವೃತ್ತನಾದವನು. ಅವನ ಅಪ್ಪ, ಅಜ್ಜ ಗಿಲ್ಲೆಸುಗೂರಿನಲ್ಲಿ ಸತ್ತ ದನ ಸುಲಿಯುತ್ತಿದ್ದರು. ಅವರು ಮಾಡಿದಾಗ ಅದು ಹೊಲಸು ಕೆಲಸ, ಅದೇ ಕೈ ಕಾಲೇಜಿನೊಳಗೆ ಸುಲಿದು, ತುಂಬಿ, ಜೀವಂತದಂತೆ ನಿಲ್ಲಿಸಿದಾಗ ಟ್ಯಾಕ್ಸಿಡರ್ಮಿ. ಕಾಡುಪ್ರಾಣಿ ಮುಟ್ಟಿದರೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಹಾಗಾಗಿ ಅವನ ಕೈಯಲ್ಲಿ ಎದ್ದು ನಿಂತದ್ದು ಹುಂಜ, ಪಾರಿವಾಳ, ಹೋತ, ಎರಡು ತಲೆಯ ಒಂದು ಕರು. ಅವುಗಳ ಕಾಲಬುಡದ ಚೀಟಿಯಲ್ಲಿ 'ತಯಾರಿಸಿದವರು' ಎಂದು ಪ್ರೊಫೆಸರರ ಹೆಸರು ಇರುತ್ತಿತ್ತು. ಪ್ರೊಫೆಸರರು ಬದಲಾದರೆ ಚೀಟಿಯೂ ಬದಲಾಗುತ್ತಿತ್ತು. ಸತ್ತು ಇಪ್ಪತ್ತು ವರ್ಷವಾದ ಹುಂಜವನ್ನು ಮೊನ್ನೆ ಬಂದವರು ತಯಾರಿಸಿದ್ದರು! ಆ ಚೀಟಿಗಳನ್ನು ಅಂಟಿಸುವ ಕೆಲಸವೂ ಉರುಕುಂದಪ್ಪನದೇ ಆಗಿತ್ತು. ಸಾಯುವುದರೊಳಗೆ ಒಂದೇ ಒಂದು ಪ್ರಾಣಿಯ ಕೆಳಗೆ ತನ್ನ ಹೆಸರು ನೋಡಬೇಕೆಂಬುದು ಅವನ ಆಸೆ. ಅದು ದುರಾಸೆಯೇನಲ್ಲ.

"ಕೂಲಿ ಬ್ಯಾಡ್ರಿ ಸಾವ್ಕಾರ್ರ," ಎಂದ ಟಗರಿನ ಮುಂದೆ ಕೂತು. "ಇದರ ಕಾಲಬುಡಕ ಒಂದು ಹಿತ್ತಾಳಿ ಫಲಕ ಇರ್ಲಿ. ಅದರಾಗ ನನ್ನ ಹೆಸರಿರ್ಲಿ. ಅಷ್ಟ ಸಾಕು."

"ಅಷ್ಟೇನು ಉರುಕುಂದಪ್ಪಣ್ಣ? ಬಂಗಾರದ್ದ ಹಾಕಸ್ತೀನಿ ತಗೋ!" ಎಂದ ಪ್ರಭುರಾಜ. ಬಾಯಿಮಾತಿನ ಬಂಗಾರಕ್ಕೆ ತೂಕವೂ ಇಲ್ಲ, ತೆರಿಗೆಯೂ ಇಲ್ಲ.

ಉರುಕುಂದಪ್ಪ ತೊಗಲು ಸುಲಿದ, ಉಪ್ಪು ಹಾಕಿದ, ಪಟಿಕದ ನೀರಿನಲ್ಲಿ ಹದ ಮಾಡಿದ. ಕಬ್ಬಿಣದ ಸರಳಿಗೆ ಹುಲ್ಲು ಬಿಗಿದು ಒಡಲು ಕಟ್ಟಿದ, ಮಣ್ಣಿನಲ್ಲಿ ಮುಖ ತಿದ್ದಿದ. ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ತಂಟೆ ಶುರುವಾದದ್ದು ಅಂಟಿನಲ್ಲಿ.

ಅಂಟೆಂದರೆ ಸುಲಭದ ಮಾತಲ್ಲ. ತೊಗಲು ಒಣಗುತ್ತಾ ಬಿಗಿಯುತ್ತದೆ. ಕಣ್ಣಿನ ಮೂಲೆ, ಕೆನ್ನೆಯ ತಗ್ಗು, ಕಿವಿಯ ಬುಡ, ಇಲ್ಲೆಲ್ಲ ಅಂಟು ಸಡಿಲವಾದರೆ ಮುಖ ಪೂರಿಯ ಹಾಗೆ ಉಬ್ಬುತ್ತದೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಮುಟ್ಟಿದ ಕೂಡಲೇ ಕಚ್ಚುತ್ತದೆ, ಬೆರಳು ತಪ್ಪಿದರೆ ಪ್ರಾಣಿಗೆ ಶಾಶ್ವತ ಮೆಳ್ಳೆಗಣ್ಣು. ಡಬ್ಬಿಯ ಬಿಳಿ ಅಂಟು ರಾಯಚೂರಿನ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಉರುಕುಂದಪ್ಪ ನಂಬಿದ್ದು ಸರೇಸನ್ನು. ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿಯಿಟ್ಟು ಕರಗಿಸಿ, ಹುಳ ಬರದಂತೆ ಚಿಟಿಕೆ ಮೈಲುತುತ್ತ ಬೆರೆಸಿ ಬೆಚ್ಚಗಿರುವಾಗ ಬಳಿದರೆ, ಅದು ಸ್ವಲ್ಪ ಹೊತ್ತು ಬೆರಳು ಹೇಳಿದಂತೆ ಕೇಳುತ್ತದೆ. ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ.

"ಸರೇಸು ಅಂದ್ರ ಏನು?" ಎಂದು ಕೇಳಿದ ಪ್ರಭುರಾಜ.

"ಬಡಿಗ್ಯಾರ ಅಂಟರಿ. ತೊಗಲು, ಎಲುವು ಕುದಿಸಿ ಮಾಡಿದ್ದು."

ಪಕ್ಕದ ಕುರ್ಚಿಯಲ್ಲಿ ಹನುಮಂತರಾಯ ಕೂತಿದ್ದ. ಜಾತಕ, ವಾಸ್ತು, ಮುಹೂರ್ತ, ಚುನಾವಣೆ ಎಲ್ಲಕ್ಕೂ ಪ್ರಭುರಾಜನಿಗೆ ಸಲಹೆ ಕೊಡುವವನು ಅವನೇ. "ಯಾವುದರ ತೊಗಲು?" ಎಂದ.

"ಅದನ್ನ ಅಂಗಡ್ಯಾಂವ ಹೇಳಂಗಿಲ್ರಿ. ನಾನೂ ಕೇಳಂಗಿಲ್ಲ."

ಹನುಮಂತರಾಯ ಚೇಳು ಕುಟುಕಿದವನಂತೆ ಎದ್ದ. "ಛೇ ಛೇ! ಪಡಸಾಲ್ಯಾಗ ದೇವರ ಮಂಟಪ ಅದ. ಬರೋ ತಿಂಗಳು ಸ್ವಾಮಿಗಳ ಪಾದಪೂಜಿ ಅದ. ಅಲ್ಲಿ ತೊಗಲು ಕುದಿಸಿದ ಅಂಟೇನು?"

"ಟಗರಿಂದೂ ತೊಗಲ ಅದಲ್ರಿ," ಎಂದ ಉರುಕುಂದಪ್ಪ, ನಿಜಕ್ಕೂ ಅರ್ಥವಾಗದೆ.

"ಅದು ಮನಿ ತೊಗಲು. ನಮ್ಮ ಬಾದಾಮಿ ತಿಂದು ಬೆಳದದ್ದು. ಇದು ಯಾರದೋ, ಎಲ್ಲಿದೋ."

ಹೀಗೆ ಗಬ್ಬೂರಿನಲ್ಲಿ ಅಂದು ತೊಗಲಿಗೂ ಕುಲಗೋತ್ರ ಹುಟ್ಟಿತು. ಪ್ರಭುರಾಜ ಪರಿಹಾರ ಹೇಳಿದ: "ಮೈದಾ ಗಂಜಿ ಹಾಕಪ. ಶುದ್ಧ ಸಸ್ಯಾಹಾರಿ. ದೇವದುರ್ಗದಿಂದ ಮಾನ್ವಿ ತನಕ ನನ್ನ ಪೋಸ್ಟರ್ ಹಚ್ಚಿದ್ದು ಅದರಾಗ. ಐದು ವರ್ಷಾತು, ಒಂದೂ ಬಿದ್ದಿಲ್ಲ." ಪೋಸ್ಟರ್ ಬಿದ್ದಿರಲಿಲ್ಲ ನಿಜ. ಆ ಚುನಾವಣೆಯಲ್ಲಿ ಠೇವಣಿ ಸಮೇತ ಬಿದ್ದದ್ದು ಅವನೇ ಎಂದು ನೆನಪಿಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಉರುಕುಂದಪ್ಪ ವಾದ ಮಾಡುವವನಲ್ಲ, ಮಾಡಿ ತೋರಿಸುವವನು. ರಾಯಚೂರಿಗೆ ಬಂದು, ಕಟುಕರ ಸತ್ತಾರ್ ಸಾಬ್‌ನ ಹತ್ತಿರ ಎರಡು ಆಡಿನ ಮುಖದ ತೊಗಲು ತಂದು, ಎರಡು ಮಣ್ಣಿನ ಮುಖ ಮಾಡಿ, ಒಂದಕ್ಕೆ ಮೈದಾ, ಒಂದಕ್ಕೆ ಸರೇಸು ಬಳಿದು ಮಾಳಿಗೆಯ ಮೇಲಿಟ್ಟ. ನಾಲ್ಕನೆಯ ದಿನ ಮೈದಾ ಆಡಿನ ಕಣ್ಣಿನ ಮೂಲೆ ಎದ್ದಿತು. ಆರನೆಯ ದಿನ ಇರುವೆ ಸಾಲು ಹಚ್ಚಿತು. ಎಂಟನೆಯ ದಿನ ಇಲಿ ಬಂದು ತುಟಿ ತಿಂದು ಹೋಯಿತು. ಸರೇಸಿನ ಆಡು ಮಾತ್ರ ಈಗ ಒದರುತ್ತೇನೆ ಎಂಬಂತೆ ಕೂತಿತ್ತು. ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಗಬ್ಬೂರಿಗೆ ಹೋಗಿ ಪ್ರಭುರಾಜನ ಮುಂದಿಟ್ಟ.

"ಇಲಿ ಬರದಂಗ ಬೆಕ್ಕು ಸಾಕಿದ್ರಾತು," ಎಂದ ಪ್ರಭುರಾಜ.

"ಶುದ್ಧ ಇದ್ದಲ್ಲಿ ಹುಳ ಬರಂಗೇ ಇಲ್ಲ," ಎಂದ ಹನುಮಂತರಾಯ, ತುಟಿಯಿಲ್ಲದ ಆಡನ್ನು ಕಣ್ಣಾರೆ ನೋಡುತ್ತಲೇ.

ಭಾನುವಾರ ಉರುಕುಂದಪ್ಪನ ಮಗಳು ಸಂಘಮಿತ್ರಾ ರಾಯಚೂರಿನ ಮನೆಗೆ ಬಂದಳು. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮಾತು ಕತ್ತರಿಸಿದಂತೆ ನೇರ. "ಯಪ್ಪಾ, ಸರೇಸು ಹಾಕೋದಾದ್ರ ಹೇಳಿ ಹಾಕು. ಇಲ್ಲಾಂದ್ರ ಬಿಟ್ಟು ಬಾ. ಕದ್ದು ಮಾಡಬ್ಯಾಡ."

"ಬಿಟ್ಟು ಬಂದ್ರ ಹೆಸರಿಲ್ಲ," ಎಂದ ಉರುಕುಂದಪ್ಪ. "ಮೈದಾ ಹಾಕಿದ್ರ ಹೆಸರಿರ್ತದ, ಅದರ ಮ್ಯಾಲ ತುಟಿ ಇಲ್ಲದ ಟಗರು ನಿಂತಿರ್ತದ. ಎರಡೂ ನನಗ ಬ್ಯಾಡವ್ವ."

ಅವನು ಸುಳ್ಳುಗಾರನಲ್ಲ. ಆದರೆ ಆ ವಾರ ಸುಳ್ಳು ಹೇಳಿದ. ಪ್ರಭುರಾಜನ ಕೊಟ್ಟಿಗೆಯ ಮುಂದೆ ದೊಡ್ಡ ಪಾತೇಲಿಯಲ್ಲಿ ಮೈದಾ ಗಂಜಿ ಕುದಿಯಿತು, ಹನುಮಂತರಾಯ ಅದಕ್ಕೆ ಮಂತ್ರ ಹೇಳಿ ಅರಿಷಿಣದ ನೀರು ಚಿಮುಕಿಸಿದ. ಕೊಟ್ಟಿಗೆಯ ಹಿಂದೆ ಸಣ್ಣ ಡಬ್ಬಿಯಲ್ಲಿ ಸರೇಸು ಕರಗಿತು. "ಏನದು ನಾತ?" ಎಂದು ಕೇಳಿದರೆ "ಟಗರಿಂದರಿ," ಎಂದ. ಮಂತ್ರಿಸಿದ ಗಂಜಿ ವ್ಯರ್ಥವಾಗಲಿಲ್ಲ. ಸ್ವಾಮಿಗಳಿಗೆ ಸ್ವಾಗತ ಕೋರುವ ಪೋಸ್ಟರುಗಳನ್ನು ಅದರಿಂದಲೇ ಊರ ತುಂಬ ಹಚ್ಚಿದರು.

ಮೂರು ದಿನ ಉರುಕುಂದಪ್ಪ ಆ ಮುಖದ ಮುಂದೆಯೇ ಕೂತ. ಎದುರಾಳಿಯನ್ನು ಅಳೆಯುವಾಗ ಸರದಾರ ಎಡಗಣ್ಣನ್ನು ಕೊಂಚ ಕಿರಿದು ಮಾಡುತ್ತಿತ್ತೆಂದು ಊರವರ ಮೊಬೈಲಿನ ವೀಡಿಯೊ ನೋಡಿ ಗುರುತು ಮಾಡಿಕೊಂಡಿದ್ದ. ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ ಕೂಡಿಸಿದ. ಮುಗಿದಾಗ ಅವನಿಗೇ ಎದೆ ತುಂಬಿ ಬಂತು. ಮೂವತ್ತೊಂದು ವರ್ಷದಲ್ಲಿ ಇಂಥದ್ದು ಅವನ ಕೈಯಿಂದ ಆಗಿರಲಿಲ್ಲ.

ಪಾದಪೂಜೆಯ ದಿನ ಪಡಸಾಲೆ ಕಿಕ್ಕಿರಿದಿತ್ತು. ಸ್ವಾಮಿಗಳು ಜಿಂಕೆಯ ಚರ್ಮದ ಮೇಲೆ ಕೂತರು. ಉರುಕುಂದಪ್ಪನಿಗೆ ಹೊಸ್ತಿಲ ಆಚೆ ನಿಲ್ಲಲು ಜಾಗ ತೋರಿಸಿದ್ದರು. ಬಟ್ಟೆ ಸರಿಸಿದ ಕೂಡಲೇ ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು, ಪ್ರಭುರಾಜ ಬಿಕ್ಕಿ ಬಿಕ್ಕಿ ಅತ್ತ. ಸ್ವಾಮಿಗಳು ಎದ್ದು ಟಗರಿನ ಹಣೆಯ ಮೇಲೆ ಕೈಯಿಟ್ಟು, "ಜೀವ ಒಂದ ಇಲ್ಲ ನೋಡ್ರಿ," ಎಂದರು.

"ಎಲ್ಲಾ ಶುದ್ಧ ಅಂಟಿನ ಮಹಿಮಾರಿ ಬುದ್ಧಿ," ಎಂದ ಹನುಮಂತರಾಯ.

ಉರುಕುಂದಪ್ಪ ಜನರ ಸಂದಿಯಿಂದ ಬಗ್ಗಿ ಫಲಕ ಓದಿದ. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. 'ಗಬ್ಬೂರು ಸರದಾರ. ಶುದ್ಧ ಸಸ್ಯಾಹಾರಿ ಅಂಟಿನಿಂದ ನಿರ್ಮಿತ. ಮಾರ್ಗದರ್ಶನ: ಹನುಮಂತರಾಯರು.' ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು, ಸಾಲು ಇರಲಿಲ್ಲ.

ಪ್ರಭುರಾಜ ಅವನನ್ನು ನೋಡಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡ. ದೇವರ ಮುಂದಿನ ಜಾಗ, ಮಂದಿ ಹೂವ ಏರಸ್ತಾರ, ಕುಂಕುಮ ಹಚ್ಚತಾರ. ಅಲ್ಲಿ ನಿನ್ನ ಹೆಸರು ಚಲೋ ಕಾಣಂಗಿಲ್ಲ. ನೀ ತಿಳದಾಂವ ಇದ್ದಿ."

ಏನನ್ನಾದರೂ ಕೊಡದೆ ಇರುವಾಗಲೆಲ್ಲ ಜನ ಅವನನ್ನು ತಿಳಿದವನೆಂದೇ ಕರೆದಿದ್ದರು. ಪ್ರೊಫೆಸರರೂ ಹಾಗೇ ಕರೆದಿದ್ದರು. ಉರುಕುಂದಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳಿದ್ದು ಹೆಸರಿಗಾಗಿ, ಹೆಸರೇ ಇಲ್ಲವೆಂದ ಮೇಲೆ ಆ ಸುಳ್ಳನ್ನು ಯಾರಿಗಾಗಿ ಕಾಯಬೇಕು? ಹೊಸ್ತಿಲು ದಾಟಿ ಒಳಗೆ ಬಂದ.

"ಬುದ್ಧಿ, ಇದನ್ನ ಮಾಡಿದಾಂವ ನಾನು. ಉರುಕುಂದಪ್ಪ ಅಂತ ನನ್ನ ಹೆಸರು. ಇದರಾಗ ಮೈದಾ ಇಲ್ಲ. ಸರೇಸು ಅದ, ತೊಗಲು ಕುದಿಸಿದ್ದು. ಮೈದಾ ಹಾಕಿದ್ರ ಇಷ್ಟೊತ್ತಿಗೆ ಇದರ ತುಟಿ ಇಲಿ ಹೊಟ್ಟ್ಯಾಗ ಇರ್ತಿತ್ತು."

ಸ್ವಾಮಿಗಳ ಕೈ ಟಗರಿನ ಹಣೆಯಿಂದ ಕಾದ ಹಂಚು ಮುಟ್ಟಿದಂತೆ ಮೇಲೆದ್ದಿತು. ಚೊಂಬಿನಲ್ಲಿ ನೀರು ಬಂತು. ಅವರು ಕೈ ತೊಳೆದು, ಒರೆಸಿಕೊಂಡು, ಮತ್ತೆ ಜಿಂಕೆಯ ಚರ್ಮದ ಮೇಲೆ ಕೂತರು.

"ಅಲ್ಲಿ ದೇವರ ಮಂಟಪ ಅದಲ್ರಿ," ಎಂದ ಉರುಕುಂದಪ್ಪ. "ಹಳೇ ಕಾಲದ್ದು. ಬಡಿಗ್ಯಾರು ಅದನ್ನ ಕೂಡಿಸಿದ್ದೂ ಸರೇಸಿನಾಗ." ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಬೀಳದಂತೆ ಅಷ್ಟೂ ಜನ ಒಗ್ಗಟ್ಟಿನಿಂದ ಕೆಮ್ಮಿದರು.

"ತೊಗಲು ಕಿತ್ತು ಮೈದಾ ಹಾಕ್ರಿ!" ಎಂದು ಹನುಮಂತರಾಯ ಕೂಗಿದ. ಇಬ್ಬರು ಆಳುಗಳು ಕಿವಿ ಹಿಡಿದು ಜಗ್ಗಿದರು. ಪ್ರಭುರಾಜ ಕೆನ್ನೆಗೆ ಉಗುರು ಹಾಕಿ ಎಬ್ಬಿಸಲು ನೋಡಿದ, ಉಗುರು ಮುರಿಯಿತು. ಹನುಮಂತರಾಯ ಮಡಿಯನ್ನು ಮರೆತು ಬಾಲಕ್ಕೆ ಕೈ ಹಾಕಿದ. ಟಗರು ಕಣದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ಒಂದು ಕೂದಲಷ್ಟೂ ಸೋಲಲಿಲ್ಲ. ಉರುಕುಂದಪ್ಪ ಕೈಕಟ್ಟಿ ನಿಂತು ನೋಡಿದ. ಅವನ ಕೆಲಸಕ್ಕೆ ಇಂಥ ಪರೀಕ್ಷೆಯನ್ನು ಯಾವ ಪ್ರೊಫೆಸರೂ ಮಾಡಿರಲಿಲ್ಲ.

ಕೊನೆಗೆ ಅದನ್ನು ಹೊತ್ತು ಹೊರಗೆ ಹಾಕಿದರು. ಬಿಸಾಡಲು ಪ್ರಭುರಾಜನಿಗೆ ಮನಸ್ಸು ಬರಲಿಲ್ಲ. ಗೇಟಿನ ಪಕ್ಕ, ರಸ್ತೆಗೆ ಮುಖ ಮಾಡಿ, ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದರು.

ವಾರ ಕಳೆದ ಮೇಲೆ ಪ್ರಭುರಾಜನ ಫೋನ್ ಬಂತು. "ಉರುಕುಂದ್ಯಾ, ಈ ಅನಾಚಾರ ಯಾರ ಮಾಡಿದ್ದಂತ ಮಂದಿ ಕೇಳಾಕತ್ತಾರ. ಫಲಕದಾಗಿಂದ ತಮ್ಮ ಹೆಸರು ತಗೀರಿ ಅಂತ ರಾಯರು ಪಟ್ಟು ಹಿಡದಾರ. ನಿನ್ನ ಹೆಸರು ಬರಸ್ತೀನಿ ನೋಡ್ ಈಗ! ಸರೇಸು ಹಾಕಿದಾಂವ ಇಂವ ಅಂತ ಊರಿಗೆಲ್ಲ ಗೊತ್ತಾಗಲಿ!"

"ಬರಸ್ರಿ," ಎಂದ ಉರುಕುಂದಪ್ಪ. "ಅಕ್ಷರ ದೊಡ್ಡವು ಇರ್ಲಿ."

ಪ್ರಭುರಾಜ ಬರೆಸಿದ. ಕೊಟ್ಟ ಮಾತು ನಡೆಸಲು ಮರೆತವನು ಹಾಕಿದ ಬೆದರಿಕೆಯನ್ನು ಚಾಚೂತಪ್ಪದೆ ನಡೆಸಿದ.

ಮುಂದಿನ ಭಾನುವಾರ ಉರುಕುಂದಪ್ಪ ಮಗಳನ್ನು ಕರೆದುಕೊಂಡು ಗಬ್ಬೂರಿನಲ್ಲಿ ಬಸ್ಸಿಳಿದ. ಶೆಡ್ಡಿನ ಮುಂದೆ ಏಳೆಂಟು ಜನ ನಿಂತಿದ್ದರು. ಸಂಘಮಿತ್ರಾ ಬಗ್ಗಿ ಫಲಕವನ್ನು ಗಟ್ಟಿಯಾಗಿ ಓದಿದಳು: 'ಈ ಟಗರಿಗೆ ಸರೇಸು ಹಾಕಿದವನು ಉರುಕುಂದಪ್ಪ, ರಾಯಚೂರು.' ಓದಿ ಅಪ್ಪನ ಮುಖ ನೋಡಿದಳು. ಅವನು ಟಗರಿನ ಎಡಗಣ್ಣಿನ ಮೂಲೆಯನ್ನು ಒತ್ತಿ ನೋಡುತ್ತಿದ್ದ.

ಸಂತೆಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಬುಟ್ಟಿ ಇಳಿಸಿ ಟಗರನ್ನು ಮೇಲಿನಿಂದ ಕೆಳಗೆ ನೋಡಿದಳು. "ಯವ್ವಾ, ಹಾಯಾಕ ಬಂದಂಗ ಅದಲ್ಲ! ಇಷ್ಟು ಚಂದಂದು ಮನಿಯೊಳಗ ಇಟ್ಕೊಳ್ಳದು ಬಿಟ್ಟು ಹೊರಗ್ಯಾಕ ಹಾಕ್ಯಾರ?"

"ಒಳಗ ಜಾಗ ಭಾಳ ಸಣ್ಣದು ಅದವ್ವ," ಎಂದ ಉರುಕುಂದಪ್ಪ.