ಕೋಳಿಹೆಜ್ಜೆಯ ಬಿಲ್ಲೆ

ರೈಲಿನಲ್ಲಿ ಹೋಗುವ ಮಂದಿಗೆ ಹೊಳೆ ಕಂಡರೆ ಭಕ್ತಿ ಉಕ್ಕುತ್ತದೆ. ಕಿಟಕಿಯಿಂದ ಕೈ ಚಾಚಿ ಗಂಗವ್ವನಿಗೆ ಒಂದು ಬಿಲ್ಲೆ ಎಸೆದು ಕೈಮುಗಿಯುತ್ತಾರೆ. ಶಹಾಬಾದ ದಾಟಿ ವಾಡಿ ಕಡೆ ಹೊರಟ ಗಾಡಿ ಕಾಗಿಣಾ ಹೊಳೆಯ ಸೇತುವೆ ಏರಿದಾಗಲೆಲ್ಲ ಇದೇ ನಡೆಯುತ್ತಿತ್ತು. ಎಸೆದವರಿಗೆ ಪುಣ್ಯ, ಆರಿಸಿಕೊಂಡವರಿಗೆ ಉಪ್ಪು ಮೆಣಸಿನಕಾಯಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಭಂಕೂರಿನ ಹೆಂಗಸರು ಹಳೆಯ ಲೌಡ್‌ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಉಸುಕಿನ ಮೇಲೆ ಎಳೆಯುತ್ತಿದ್ದರು. ನಿಕ್ಕಲ್ಲಿನ ನಾಲ್ಕಾಣೆ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಅಂಟದ ತಾಮ್ರ ಹಿತ್ತಾಳೆಗೆ ಜರಡಿ ಇತ್ತು.

ಮಿಕ್ಕವರು ದುಡ್ಡು ಹುಡುಕುತ್ತಿದ್ದರು, ಸೂಗಮ್ಮ ಗಂಡನನ್ನು ಹುಡುಕುತ್ತಿದ್ದಳು. ನಗುವವರು ನಕ್ಕು ನಕ್ಕು ಸುಸ್ತಾಗಿ ಈಗ ಸುಮ್ಮನಾಗಿದ್ದರು.

ಅವಳ ಗಂಡ ಸಂಗಣ್ಣ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಖಣಿಯಲ್ಲಿ ಪ್ರತಿಯೊಬ್ಬನೂ ತಾನು ಬಿಡಿಸಿದ ಫರಸಿಯ ಮೂಲೆಗೆ ತನ್ನದೇ ಗುರುತು ಕೊರೆಯಬೇಕು, ಇಲ್ಲದಿದ್ದರೆ ಸಂಜೆ ಅವನ ಕಲ್ಲು ಇನ್ನೊಬ್ಬನ ಪಾಲು. ಸಂಗಣ್ಣನ ಗುರುತು ಕೋಳಿಹೆಜ್ಜೆ: ಮುಂದೆ ಮೂರು ಗೀರು, ಹಿಂದೆ ಒಂದು ಮೋಟು ಗೀರು. ಎಪ್ಪತ್ತೊಂದರಲ್ಲಿ ಮೇಸ್ತ್ರಿಯೊಬ್ಬನ ಮಾತು ಕೇಳಿ ಅವನು ಹೈದರಾಬಾದಿಗೆ ಹೊರಟ. ಹಿಂದಿನ ದಿನ ಹತ್ತು ಪೈಸೆಯ ಮೇಲೆ ಕೋಳಿಹೆಜ್ಜೆ ಕೊರೆಯುತ್ತ ಕೂತಿದ್ದ. ಹೋಗುವಾಗ ಇದನ್ನು ಹೊಳೆಗೆ ಹಾಕುತ್ತೇನೆ, ಬರುವಾಗ ಇನ್ನೊಂದು ಹಾಕುತ್ತೇನೆ, ಅದು ಬಿದ್ದ ಸಪ್ಪಳ ಕೇಳಿದರೆ ನೀನು ಹೋಗಿ ರೊಟ್ಟಿ ಬಡಿ ಎಂದು ಚೇಷ್ಟೆ ಮಾಡಿದ್ದ. ಆ ಹತ್ತು ಪೈಸೆ ಅದೇ ಬೇಸಿಗೆಯಲ್ಲಿ ಅವಳ ಜರಡಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಬಿಲ್ಲೆಯೂ ಇಲ್ಲ, ಸುದ್ದಿಯೂ ಇಲ್ಲ.

ಏಳು ವರ್ಷ ಕಳೆಯಿತು. ಅಣ್ಣ ಕಲ್ಯಾಣಪ್ಪ ತಂಗಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಚೆನ್ನಾಗಿಯೇ ನೋಡಿಕೊಂಡಿದ್ದ. ಆದರೆ ಹೀಗೆ ಎಷ್ಟು ದಿನ? ಸೇಡಂ ಕಡೆಯ ಒಬ್ಬ ರೈತ, ಹೆಂಡತಿ ತೀರಿಕೊಂಡವನು, ಅವಳನ್ನು ಉಡಕಿ ಮಾಡಿಕೊಂಡು ಎರಡನೇ ಮದುವೆಯಾಗಲು ತಯಾರಿದ್ದ. ಮನುಷ್ಯ ಮೆತ್ತಗಿನವನು, ಕುಡಿಯುವವನಲ್ಲ. ಸಂಗಣ್ಣ ಇನ್ನಿಲ್ಲ ಎಂದೇ ತಿಳಿದು ಸೂಗಮ್ಮನನ್ನು ಕೊಡಬಹುದು ಎಂದು ಊರ ಹಿರಿಯರೂ ಹೇಳಿದ್ದರು. ಅವನು ಸತ್ತಿದ್ದಾನೆಂದು ಖಾತ್ರಿಯಾದರೆ ಹೋಗುತ್ತೇನೆ, ಬದುಕಿದ್ದರೆ ಮಾತ್ರ ಒಲ್ಲೆ ಎಂದಿದ್ದಳು ಸೂಗಮ್ಮ. ಈ ಬೇಸಿಗೆ ಕಳೆಯುವವರೆಗೆ ತಡೆಯಿರಿ ಎಂದೂ ಬೇಡಿಕೊಂಡಿದ್ದಳು.

ಮಳೆ ಇನ್ನೇನು ಹಿಡಿಯುತ್ತದೆ ಎನ್ನುವಾಗ ಅವಳ ಜರಡಿಯಲ್ಲಿ ಒಂದು ಬಿಲ್ಲೆ ಉಳಿಯಿತು. ಅಯಸ್ಕಾಂತ ಅದನ್ನು ಮೂಸಿಯೂ ನೋಡಿರಲಿಲ್ಲ. ದೊಡ್ಡದು, ಭಾರದ್ದು, ಕಿಲುಬು ಹಿಡಿದು ಕಪ್ಪಾದದ್ದು. ಒಂದು ಕಡೆ ಸಾಲಾಗಿ ಮೂರು ಈಚಲ ಗಿಡ, ಇನ್ನೊಂದು ಕಡೆ ಉರ್ದು ಅಕ್ಷರ. ಅಂಚಿಗೆ ಕೋಳಿಹೆಜ್ಜೆ. ಸೂಗಮ್ಮ ಜರಡಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಕಲ್ಯಾಣಪ್ಪ ಅದನ್ನು ಊರಿನ ಹಾಜಿಮಲಂಗ್‌ಗೆ ತೋರಿಸಿದ. ಮುದುಕ ನಿಜಾಮರ ಕಾಲದಲ್ಲಿ ಅಬಕಾರಿ ಕಚೇರಿಯ ಜವಾನನಾಗಿದ್ದವನು. ಆ ರಾಜ್ಯ ಹೋಗಿ ಮೂವತ್ತು ವರ್ಷವಾದರೂ ಅವನ ಜವಾನಿಕೆ ಇನ್ನೂ ಮುಗಿದಿರಲಿಲ್ಲ. ಬಿಲ್ಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಉರ್ದು ಅಕ್ಷರ ನೋಡಿದ, ಇಸವಿ ಇರುವಲ್ಲಿ ಹದಿಮೂರು ಎಂಬ ಅಂಕಿ ನೋಡಿದ, ಈಚಲ ಗಿಡ ನೋಡಿ ನಕ್ಕ. ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದ ಮೇಲೆಲ್ಲ ಹದಿಮೂರು ನೂರರ ಹಿಜರಿ ಇಸವಿಯೇ ಇರುತ್ತದೆ, ಇದು ನಿಜಾಮರ ಕಾಲದ ಸೇಂದಿ ಗುತ್ತೇದಾರನ ಬಿಲ್ಲೆ ಎಂದು ತೀರ್ಪು ಕೊಟ್ಟ. ಆ ಭಾಗದಲ್ಲಿ ಉರ್ದು ಕಂಡರೆ ನಿಜಾಮ, ಈಚಲ ಕಂಡರೆ ಸೇಂದಿ. ಯಾರೂ ಅನುಮಾನಪಡಲಿಲ್ಲ. ಹೋಗುವ ದಿನ ಸಂಗಣ್ಣ ಎರಡು ಬಿಲ್ಲೆ ಎಸೆದಿರಬೇಕು, ಒಂದು ಹೊಸದು, ಒಂದು ಹಳೆಯದು, ಇದು ಅವನು ತಿರುಗಿ ಬಂದ ಗುರುತಲ್ಲ ಎಂದ ಕಲ್ಯಾಣಪ್ಪ. ಬರುವ ಸೋಮವಾರಕ್ಕೆ ಸೇಡಂನವರಿಗೆ ಹೇಳಿಯೂ ಕಳಿಸಿದ.

ಸೂಗಮ್ಮನ ಮನಸ್ಸು ಒಪ್ಪಲಿಲ್ಲ. ಬಿಲ್ಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಶಹಾಬಾದಿನ ಉರ್ದು ಶಾಲೆಯ ನಜಮುನ್ನೀಸಾ ಟೀಚರಿನ ಮನೆಗೆ ನಡೆದಳು. ಟೀಚರು ಅದನ್ನು ಹುಣಸೆಹುಳಿಯಲ್ಲಿ ನೆನೆಸಿ, ಬೂದಿ ಹಚ್ಚಿ ತಿಕ್ಕಿದರು. ಕಿಲುಬು ಹೋಗಿ ಬೆಳ್ಳಗಾಯಿತು. ನಿಜಾಮರ ಸಿಕ್ಕಾ ಅಂದರೆ ಚಾರ್‌ಮಿನಾರ್ ಎಲ್ಲಿ ಎಂದು ಅವರು ಮೊದಲೇ ಹುಬ್ಬು ಏರಿಸಿದ್ದರು. ಈಗ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಇದು ಉರ್ದು ಅಲ್ಲ ಸೂಗಮ್ಮಾ, ಅರಬಿ. ಜುಮ್ಹೂರಿಯಾ ಅಂತ ಬರದದ, ಅಂದ್ರ ರಾಜ ಇಲ್ಲದ ರಾಜ್ಯ. ನಿಜಾಮರು ಹಂಗ ಬರೀತಾರೇನು? ಇದು ಇರಾಕ್ ದೇಶದ್ದು. ಅಲ್ಲಿ ಖರ್ಜೂರದ ಗಿಡ ಭಾಳ."

"ಇಸವಿ ಏನದ ಆಪಾ?"

"ಒಂದು ಇಸವಿ ಮ್ಯಾಲ ಯಾರೋ ಉಳಿ ಆಡಿಸ್ಯಾರ. ಇನ್ನೊಂದು ಚಂದ ಕಾಣಲಿಕತ್ತದ. ಹಿಜರಿ ಹದಿಮೂರು ನೂರಾ ತೊಂಬತ್ತೈದು. ನಿಜಾಮರದು ಹದಿಮೂರು ನೂರಾ ಅರವತ್ತೆಂಟಕ್ಕೇ ಮುಗೀತು. ಇದು ಮೂರು ವರ್ಷದ ಹಿಂದಿಂದು."

ಸೂಗಮ್ಮ ಗೋಡೆಗೆ ಒರಗಿ ಕೂತಳು. ಇದ್ದಾನೆ. ಎಲ್ಲೋ ಇದ್ದಾನೆ, ಉಣ್ಣುತ್ತಾನೆ, ಮಲಗುತ್ತಾನೆ, ಅವನ ಕೈ ಕೋಳಿಹೆಜ್ಜೆಯನ್ನು ಇನ್ನೂ ಮರೆತಿಲ್ಲ. ಅಷ್ಟು ಸಂತೋಷವನ್ನು ಅವಳ ಎದೆ ಹಿಡಿಯಲಾರದಾಯಿತು, ಅತ್ತೇಬಿಟ್ಟಳು. ಟೀಚರು ಚಹಾ ಕೊಟ್ಟು, ಅವಳ ಸಂತೋಷಕ್ಕೆ ಇನ್ನಷ್ಟು ಸೇರಿಸಲೆಂದು, ಆ ದೇಶಗಳಿಂದ ಬರುವವರೆಲ್ಲ ಬೊಂಬಾಯಿಗೆ ಇಳಿದು ಅಲ್ಲಿಂದ ರೈಲು ಹತ್ತುತ್ತಾರೆ, ಅಲ್ಲಿನ ಚಿಲ್ಲರೆ ಇನ್ನೂ ಜೇಬಿನಲ್ಲಿತ್ತೆಂದರೆ ಹಾಗೇ ಬಂದಿರಬೇಕು ಎಂದರು.

ಸೂಗಮ್ಮ ಚಹಾ ಕೆಳಗಿಟ್ಟಳು. ಬೊಂಬಾಯಿಯಿಂದ ಹೈದರಾಬಾದಿಗೆ ಹೋಗುವ ಗಾಡಿ ಮೊದಲು ಶಹಾಬಾದ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಸೇತುವೆ ಬರುವುದು ಅದು ಬಿಟ್ಟ ಮೇಲೆ. ಶಾಲೆಗೆ ಹೋಗದ ಅವಳಿಗೂ ಅದು ಗೊತ್ತಿತ್ತು. ನಿಂತ ಗಾಡಿಯಲ್ಲಿ ಅವನು ಕೂತೇ ಇದ್ದ. ಗಾಡಿ ಹೊರಟ ಮೇಲೆ ಕೈ ಹೊರಗೆ ಚಾಚಿದ.

ಭಂಕೂರಿನವರೆಗೂ ಅವಳು ಅದನ್ನೇ ಮನಸ್ಸಿನಲ್ಲಿ ಜಗ್ಗಾಡಿದಳು. ಮರೆತವನಾಗಿದ್ದರೆ ಉಳಿ ಯಾಕೆ ಹಿಡಿಯುತ್ತಿದ್ದ? ಮರೆಯದವನಾಗಿದ್ದರೆ ಯಾಕೆ ಇಳಿಯಲಿಲ್ಲ? ಹೈದರಾಬಾದಿನಲ್ಲಿ ಇನ್ನೊಂದು ಸಂಸಾರವೋ, ಬರಿಗೈಯಲ್ಲಿ ಮುಖ ತೋರಿಸಲು ನಾಚಿಕೆಯೋ? ಬೈಯೋಣವೆಂದರೆ ಬಾಯಿಗೆ ಬೈಗುಳ ಬರಲಿಲ್ಲ. ಕೂದಲು ಬೆಳ್ಳಗಾಗಿದೆಯೇನೋ, ಕೆಮ್ಮು ಹೋಗಿದೆಯೋ ಇಲ್ಲವೋ ಎಂಬ ಚಿಂತೆಯೇ ಬರುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಅವನ ಮುಖ ನೋಡಬೇಕೆಂದು ಹೊಟ್ಟೆಯೊಳಗಿನಿಂದ ಆಸೆ ಎದ್ದು ಬಂತು. ನಿಜ ಹೇಳಿದರೆ ಅಣ್ಣ ನಾಳೆಯೇ ಹೈದರಾಬಾದಿಗೆ ಹೋಗಿ, ಗಲ್ಲಿ ಗಲ್ಲಿ ತಿರುಗಿ, ಕೊರಳಪಟ್ಟಿ ಹಿಡಿದು ಎಳೆದು ತರುತ್ತಾನೆ. ಕಿಟಕಿಯಿಂದ ಕೈ ಮಾತ್ರ ಚಾಚಿದವನನ್ನು ಹಾಗೆ ತರಿಸಿಕೊಂಡು ಏನು ಮಾಡುವುದು? ಅವನಾಗಿ ಇಳಿದು ಬರಬೇಕಿತ್ತು.

ಕಲ್ಯಾಣಪ್ಪ ಅಂಗಳದಲ್ಲೇ ಕಾಯುತ್ತಿದ್ದ. ಟೀಚರು ಏನಂದರು ಎಂದು ಕೇಳಿದ.

"ಹಾಜಿಮಲಂಗ್ ಚಾಚಾ ಹೇಳಿದ್ದೇ ಖರೆ ಅಂತ ಅಣ್ಣ. ನಿಜಾಮರ ಕಾಲದ್ದು," ಎಂದಳು ಸೂಗಮ್ಮ. "ಸೇಡಂನವರು ಬರಲಿ."

ಸೋಮವಾರ ಬೆಳಿಗ್ಗೆ ನಾಲ್ಕು ಹೆಂಗಸರು ಸೇರಿದರು. ಬೇರೆ ಮನೆಗೆ ಕೊಡುವ ಮುಂಚೆ ಹಳೆಯ ಗಂಡನ ಹೆಸರಿನ ಬಳೆ ಒಡೆಯುವುದು ಅವರ ಪದ್ಧತಿ. ಅಣ್ಣನ ಹೆಂಡತಿ ಮಹಾದೇವಮ್ಮ ಕಲ್ಲು ಹಿಡಿದು ಅವಳ ಕೈಯನ್ನು ಹೊಸ್ತಿಲ ಮೇಲಿಟ್ಟಳು. ಸೂಗಮ್ಮ ಕೈ ಹಿಂದಕ್ಕೆ ಎಳೆದುಕೊಂಡು, ತಾನೇ ಒಂದೊಂದಾಗಿ ತೆಗೆದಿಡತೊಡಗಿದಳು. ಬಳೆ ಬಿಗಿಯಾಗಿದ್ದವು, ಗೆಣ್ಣು ಕೆಂಪಾಯಿತು. ಹಿಂಗ ಮಾಡಬಾರದು, ಪದ್ಧತಿ ಅಲ್ಲ ಎಂದು ಹೆಂಗಸರು ಗೊಣಗಿದರು. ಯಾಕವ್ವ ಎಂದು ಮಹಾದೇವಮ್ಮನೂ ಕೇಳಿದಳು.

ಸೂಗಮ್ಮ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಬಳಿ ಸತ್ತವರ ಹೆಸರಿಲೆ ಒಡೀತಾರ, ಅತ್ತಿಗಿ."

ಮಹಾದೇವಮ್ಮ ಕಲ್ಲು ಬದಿಗಿಟ್ಟು, ಬಳೆ ಜಾರಲಿ ಎಂದು ಎಣ್ಣೆ ತರಲು ಒಳಗೆ ಹೋದಳು.